ಡ್ರಮ್ ಕೊಡಿಸೋರು ಸಿಗ್ತಾರೆ, ಕಲಿಸೋರಿಗೆ ಸಂಬಳ ಕೊಡೋರು ಯಾರು?

ದಾವಣಗೆರೆ, ಹರಿಹರದ ಶಾಲಾ ಬ್ಯಾಂಡ್‌ಸೆಟ್‌ಗಳು ನಡೆಯೋದು ಹೇಗೆ, ನಿಲ್ಲೋದು ಎಲ್ಲಿ: ಒಂದು ವಿಶ್ಲೇಷಣೆ

ದಾವಣಗೆರೆ/ಹರಿಹರ: ಜುಲೈ ಕೊನೇ ವಾರ ಬಂತಂದ್ರೆ ಊರಿಗೆ ಗೊತ್ತಾಗಿಬಿಡುತ್ತೆ. ಬೆಳಿಗ್ಗೆ ಅಂಗಡಿ ಬಾಗಿಲು ಎತ್ತೋ ಹೊತ್ತಿಗೆ ಹೈಸ್ಕೂಲ್ ಕಡೆಯಿಂದ ಧಂ ಧಂ ಸದ್ದು ಶುರು. ಮೊದಲ ವಾರ ಒಬ್ಬೊಬ್ಬರದು ಒಂದೊಂದು ತಾಳ. ಎರಡನೇ ವಾರಕ್ಕೆ ಸ್ವಲ್ಪ ಹೊಂದಿಕೆ. ಆಗಸ್ಟ್ 15ರ ಬೆಳಿಗ್ಗೆ ದಾವಣಗೆರೆಯ ಜಿಲ್ಲಾ ಕ್ರೀಡಾಂಗಣದಲ್ಲೋ, ಹರಿಹರದ ಗಾಂಧಿ ಮೈದಾನದಲ್ಲೋ ಮಕ್ಕಳು ಸಾಲಾಗಿ ಹೆಜ್ಜೆ ಹಾಕಿದಾಗ ಅಪ್ಪ ಅಮ್ಮಂದಿರ ಮೊಬೈಲ್‌ಗಳು ಮೇಲೇಳುತ್ತವೆ. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು.

ಆ ಹತ್ತು ನಿಮಿಷದ ಹಿಂದೆ ಇರೋದು ಒಂದು ವ್ಯವಸ್ಥೆ. ಕಲಿಸೋರು ಬೇಕು, ಹೊತ್ತು ಬೇಕು, ಸಾಮಾನು ಇಡೋಕೆ ಕೋಣೆ ಬೇಕು, ಹರಿದ ಡ್ರಮ್ ಹಾಳೆ ಬದಲಾಯಿಸೋಕೆ ದುಡ್ಡು ಬೇಕು. ಇದೆಲ್ಲ ಇರುವ ಶಾಲೆಯ ಮಕ್ಕಳು ತಮ್ಮದೇ ಬ್ಯಾಂಡ್ ಹಿಂದೆ ನಡೆಯುತ್ತಾರೆ. ಇಲ್ಲದ ಶಾಲೆಯ ಮಕ್ಕಳು ಪೊಲೀಸ್ ಬ್ಯಾಂಡಿನ ತಾಳಕ್ಕೋ, ಬೇರೆ ಶಾಲೆಯ ತಾಳಕ್ಕೋ ಹೆಜ್ಜೆ ಸೇರಿಸಬೇಕು. ಅವೂ ಅದೇ ಊರಿನ ಮಕ್ಕಳೇ.

ಸಾಮಾನ್ಯವಾಗಿ ಇದಕ್ಕೆ ಸಿಗೋ ಉತ್ತರ, "ಒಂದು ಸೆಟ್ ಕೊಡಿಸಿಬಿಟ್ರೆ ಆಯ್ತಲ್ಲ" ಅಂತ. ಆದರೆ ಸೆಟ್ ಕೊಡಿಸೋದು ಈ ಕೆಲಸದಲ್ಲಿ ಅತಿ ಸುಲಭದ ಭಾಗ. ದಾನಿಗಳ ದುಡ್ಡು ಹೋಗೋದು ಅಲ್ಲಿಗೇ, ಬ್ಯಾಂಡ್ ನಿಲ್ಲೋದು ಬೇರೆ ಕಾರಣಕ್ಕೆ.

ಸೆಟ್ ಅಂದ್ರೆ ಏನೇನು?

ನಮ್ಮ ಕಡೆಯ ಹೈಸ್ಕೂಲ್‌ಗಳಲ್ಲಿ ಹೆಚ್ಚಾಗಿ ಕಾಣೋದು ಡ್ರಮ್ ಬ್ಯಾಂಡ್. ಕೊರಳಿಗೆ ಬೆಲ್ಟ್ ಹಾಕಿ ನೇತುಹಾಕಿಕೊಳ್ಳುವ ಸೈಡ್ ಡ್ರಮ್‌ಗಳು, ಎದೆ ಮೇಲೆ ಹೊರುವ ಒಂದು ದೊಡ್ಡ ಡ್ರಮ್, ಒಂದು ಜೊತೆ ಸಿಂಬಲ್, ಟ್ರಯಾಂಗಲ್. ಕೆಲವು ಕಡೆ ಬ್ಯೂಗಲ್, ಕೊಳಲು ಸೇರುತ್ತವೆ. ಮುಂದೆ ಕೋಲು ಹಿಡಿದು ನಡೆಸುವ ಒಬ್ಬ ಹುಡುಗ ಅಥವಾ ಹುಡುಗಿ, ಅವರೇ ಬ್ಯಾಂಡ್ ಲೀಡರ್.

ಇಡೀ ತಂಡದ ಜವಾಬ್ದಾರಿ ದೊಡ್ಡ ಡ್ರಮ್ ಹೊತ್ತವರ ಮೇಲಿರುತ್ತೆ. ಎಡಗಾಲು ನೆಲಕ್ಕೆ ಬೀಳೋದೂ ಅದರ ಏಟೂ ಒಂದೇ ಸಲಕ್ಕೆ ಆಗಬೇಕು. ಎನ್‌ಸಿಸಿ ಕವಾಯತಿನಲ್ಲಿ 'ತೇಜ್ ಚಲ್' ಅಂದ್ರೆ ನಿಮಿಷಕ್ಕೆ 120 ಹೆಜ್ಜೆ, ಒಂದೊಂದು ಹೆಜ್ಜೆ 30 ಇಂಚು. ಲೆಕ್ಕ ಹಾಕಿದರೆ ನಿಮಿಷಕ್ಕೆ 300 ಅಡಿ ದಾರಿ. ಉತ್ಸಾಹದಲ್ಲಿ ಡ್ರಮ್ ಹುಡುಗ ತಾಳವನ್ನು 130ಕ್ಕೆ ಏರಿಸಿದ ಅಂತಿಟ್ಟುಕೊಳ್ಳಿ, ನಿಮಿಷಕ್ಕೆ 25 ಅಡಿ ಹೆಚ್ಚಾಯಿತು. ಮುಂದಿನ ಉದ್ದ ಕಾಲಿನವರು ಹೇಗೋ ಹೋಗುತ್ತಾರೆ, ಹಿಂದಿನ ಸಾಲಿನ ಎಂಟನೇ ಕ್ಲಾಸಿನ ಮಕ್ಕಳು ಓಡೋಕೆ ಶುರು ಮಾಡುತ್ತಾರೆ. ಗಣ್ಯರ ಮುಂದೆ ಸಾಲು ಚದುರೋದು ಬಹಳ ಸಲ ಹೀಗೇ. ನೋಡಿದವರು ಮಾತ್ರ "ಮಕ್ಕಳಿಗೆ ಶಿಸ್ತಿಲ್ಲ" ಅಂದುಬಿಡ್ತಾರೆ.

ಇನ್ನೊಂದು ಪ್ರಶ್ನೆ ಪ್ರತಿ ವರ್ಷ ಕೇಳಿಬರುತ್ತೆ: ಬ್ಯಾಂಡ್ ಇದ್ದೂ ರಾಷ್ಟ್ರಗೀತೆಗೆ ಯಾಕೆ ಸ್ಪೀಕರ್ ಹಾಕ್ತಾರೆ? ಉತ್ತರ ವಾದ್ಯದಲ್ಲೇ ಇದೆ. ಡ್ರಮ್‌ನಲ್ಲಿ ತಾಳ ಬರುತ್ತೆ, ರಾಗ ಬರೋದಿಲ್ಲ. ಬ್ಯೂಗಲ್‌ಗೆ ಒತ್ತುವ ಗುಂಡಿಗಳಿಲ್ಲ. ತುಟಿಯಿಂದ ಬರುವ ಕೆಲವೇ ಸ್ವರಗಳಲ್ಲಿ ಕರೆ ಊದಬಹುದು, ಹಾಡು ಪೂರ್ತಿ ನುಡಿಸೋಕಾಗೋದಿಲ್ಲ. 52 ಸೆಕೆಂಡಿನ ರಾಷ್ಟ್ರಗೀತೆಗೂ, 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿಗೆ ನಿಗದಿ ಮಾಡಿದ ನಾಡಗೀತೆಗೂ ಟ್ರಂಪೆಟ್, ಕ್ಲಾರಿನೆಟ್, ಕೊಳಲು, ಬ್ಯಾಗ್‌ಪೈಪ್‌ನಂಥ ವಾದ್ಯ ಬೇಕು. ಡ್ರಮ್ ಬ್ಯಾಂಡ್ ಒಂದು ಮಳೆಗಾಲದಲ್ಲಿ ತಯಾರಾಗಬಹುದು. ಹಾಡು ನುಡಿಸುವ ಬ್ಯಾಂಡ್‌ಗೆ ವರ್ಷಗಳೇ ಬೇಕು.

ನಡೆಸೋರು ನಾಲ್ಕು ಜನ

ಬ್ಯಾಂಡ್ ಇರುವ ಶಾಲೆಗಳಲ್ಲಿ ಕೆಲಸ ನಾಲ್ಕು ಜನರ ನಡುವೆ ಹಂಚಿಕೆ ಆಗಿರುತ್ತೆ.

ಮೊದಲನೆಯವರು ಮುಖ್ಯೋಪಾಧ್ಯಾಯರು. ಪ್ರಾರ್ಥನೆಗೆ ಮುಂಚೆ ಅರ್ಧ ಗಂಟೆ ಅಥವಾ ಸಂಜೆ ಒಂದು ಗಂಟೆ ಬಿಟ್ಟುಕೊಡೋದು, "ಗಣಿತ ಕ್ಲಾಸ್ ಹಾಳಾಯ್ತು" ಅಂತ ಬರೋ ಮೇಷ್ಟ್ರನ್ನು ಸಮಾಧಾನ ಮಾಡೋದು ಅವರ ಕೆಲಸ. ಎರಡನೆಯವರು ದೈಹಿಕ ಶಿಕ್ಷಣ ಶಿಕ್ಷಕರು, ಊರವರ ಬಾಯಲ್ಲಿ ಪಿ.ಟಿ. ಮೇಷ್ಟ್ರು. ಹುಡುಗರನ್ನು ಆರಿಸೋದು, ಹೆಜ್ಜೆ ಕಲಿಸೋದು, ಸಾಮಾನಿನ ಬೀಗ ಇಟ್ಟುಕೊಳ್ಳೋದು ಎಲ್ಲ ಇವರದೇ.

ಮೂರನೆಯವರು ವಾದ್ಯ ಕಲಿಸೋರು. ಪಿ.ಟಿ. ಮೇಷ್ಟ್ರಿಗೆ ಕವಾಯತು ಗೊತ್ತಿರುತ್ತೆ, ಡ್ರಮ್ ಕೈ ಗೊತ್ತಿರಲೇಬೇಕು ಅಂತೇನಿಲ್ಲ. ಹಾಗಾಗಿ ಹೊರಗಿನವರು ಬರುತ್ತಾರೆ. ಸೇನೆಯಿಂದ ನಿವೃತ್ತರಾದವರು, ಸ್ಕೌಟ್ಸ್, ಎನ್‌ಸಿಸಿ, ಸೇವಾದಳದಲ್ಲಿ ಪಳಗಿದವರು, ಮದುವೆ ಮೆರವಣಿಗೆಯ ಬ್ಯಾಂಡ್‌ನಲ್ಲಿ ಬಾರಿಸುವ ಕಲಾವಿದರು. ಈ ಮೂರನೆಯವರ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಇರೋದು ಅಪರೂಪ. ಕಾರ್ಯಕ್ರಮ ಮುಗಿದ ಮೇಲೆ ಒಂದು ಶಾಲು, ಒಂದು ಕವರ್. ಮುಂದಿನ ಜುಲೈವರೆಗೆ ಸಂಬಂಧ ಇಲ್ಲ.

ನಾಲ್ಕನೆಯವರು ಹಳೇ ಮಕ್ಕಳು. ಒಂಬತ್ತನೇ ಕ್ಲಾಸಿನ ಹುಡುಗಿ ಎಂಟನೇ ಕ್ಲಾಸಿನವಳ ಮಣಿಕಟ್ಟು ಹಿಡಿದು "ಹಿಂಗಲ್ಲ ಕಣೇ, ಕೈ ಸಡಿಲ ಬಿಡು" ಅಂತ ತಿದ್ದುತ್ತಾಳಲ್ಲ, ಬ್ಯಾಂಡ್ ಮುಂದುವರಿಯೋದು ಅಲ್ಲಿ. ಗುರುಗಳು ವಾರಕ್ಕೆರಡು ಸಲ ಬಂದರೂ ಉಳಿದ ದಿನ ಕಲಿಸೋರು ಇವರೇ.

ಸರಪಳಿ ಕಡಿಯೋದು ಎಲ್ಲಿ?

ಸರ್ಕಾರಿ ಹೈಸ್ಕೂಲ್ ಅಂದ್ರೆ ಮೂರೇ ವರ್ಷ: 8, 9, 10. ಉದಾಹರಣೆಗೆ 24 ಮಕ್ಕಳ ತಂಡ, ಕ್ಲಾಸಿಗೆ ಎಂಟೆಂಟು ಜನ ಅಂತಿಟ್ಟುಕೊಳ್ಳೋಣ. ಎಂಟನೇ ಕ್ಲಾಸಿನವರು ಇನ್ನೂ ಕೈ ಕೂರಿಸುತ್ತಿರುತ್ತಾರೆ. ಹತ್ತನೇ ಕ್ಲಾಸಿನವರು ಚೆನ್ನಾಗಿ ಬಾರಿಸುತ್ತಾರೆ, ಆದರೆ ಎಸ್ಸೆಸ್ಸೆಲ್ಸಿ. ವಿಶೇಷ ತರಗತಿ, ಪೂರ್ವಸಿದ್ಧತಾ ಪರೀಕ್ಷೆ ಅಂತ ದಸರಾ ಕಳೆದ ಮೇಲೆ ಒಬ್ಬೊಬ್ಬರಾಗಿ ಬಿಡುತ್ತಾರೆ. ಮನೆಯಲ್ಲಿ "ಡ್ರಮ್ ಬಾರಿಸಿದ್ರೆ ಮಾರ್ಕ್ಸ್ ಬರುತ್ತಾ?" ಅಂತ ಕೇಳ್ತಾರೆ. ಜನವರಿ 26ಕ್ಕೆ ಭಾರ ಹೊರೋದು ಒಂಬತ್ತನೇ ಕ್ಲಾಸಿನ ಎಂಟು ಮಕ್ಕಳು.

ಅಂದರೆ ಪ್ರತಿ ಜೂನ್‌ನಲ್ಲಿ ತಂಡದ ಮೂರನೇ ಒಂದು ಭಾಗ ಖಾಲಿ. ಒಂದೇ ಒಂದು ವರ್ಷ ಎಂಟನೇ ಕ್ಲಾಸಿನಿಂದ ಹೊಸಬರನ್ನು ಸೇರಿಸಿಕೊಳ್ಳದಿದ್ದರೆ, ಮುಂದಿನ ವರ್ಷ ಒಂಬತ್ತರಲ್ಲಿ ಕಲಿತವರು ಯಾರೂ ಇರುವುದಿಲ್ಲ. ಅದರ ಮುಂದಿನ ವರ್ಷ ಹತ್ತರಲ್ಲೂ ಇಲ್ಲ. ಒಂದು ವರ್ಷದ ಅಸಡ್ಡೆಗೆ ಎರಡು ವರ್ಷದ ದಂಡ. ಕೊರೊನಾ ಕಾಲದಲ್ಲಿ 2020ರಿಂದ ಶಾಲೆಗಳು ಮುಚ್ಚಿದ್ದಾಗ ಈ ಕೊಂಡಿ ಎಲ್ಲ ಕಡೆ ಸಡಿಲವಾಯಿತು. ಹಿರಿಯರು ಪಾಸಾಗಿ ಹೋದರು, ಕಿರಿಯರಿಗೆ ತೋರಿಸಿಕೊಡೋರು ಉಳಿಯಲಿಲ್ಲ.

ಎರಡನೇ ಕಡಿತ ವರ್ಗಾವಣೆ. ಆಸಕ್ತಿ ಇದ್ದ ಪಿ.ಟಿ. ಮೇಷ್ಟ್ರು ಬೇರೆ ಊರಿಗೆ ಹೋದರೆ ಬ್ಯಾಂಡ್ ಅವರ ಜೊತೆಗೇ ಹೋಯಿತು ಅಂತಲೇ ಲೆಕ್ಕ. ಯಾವ ತಾಳ ಕಲಿಸಿದ್ದಾರೆ, ಯಾರಿಗೆ ಯಾವ ವಾದ್ಯ, ಎಷ್ಟು ಸಾಮಾನು ರಿಪೇರಿಗೆ ಹೋಗಿದೆ ಅಂತ ಬರೆದಿಟ್ಟ ಪುಸ್ತಕ ಇಲ್ಲದಿದ್ದರೆ ಹೊಸಬರು ಸೊನ್ನೆಯಿಂದ ಶುರು ಮಾಡಬೇಕು. ಶುರು ಮಾಡಲೇಬೇಕು ಅಂತ ಕಡ್ಡಾಯವೂ ಇಲ್ಲ.

ಮೂರನೆಯದು ಕ್ಯಾಲೆಂಡರ್. ಜೂನ್‌ನಲ್ಲಿ ಶಾಲೆ ಶುರುವಾದರೆ ಆಗಸ್ಟ್ 15ಕ್ಕೆ ಸಿಗೋದು ಹತ್ತು ವಾರ ಚಿಲ್ಲರೆ. ಅದರಲ್ಲಿ ದಾಖಲಾತಿ, ಮಳೆ. ಆಮೇಲೆ ಹೋಬಳಿ, ತಾಲ್ಲೂಕು ಮಟ್ಟದ ಕ್ರೀಡಾಕೂಟ. ಅಲ್ಲೂ ಇದೇ ಪಿ.ಟಿ. ಮೇಷ್ಟ್ರೇ ಬೇಕು. ನಂತರ ದಸರಾ ರಜೆ, ನವೆಂಬರ್ 1, ಜನವರಿ 26. ಫೆಬ್ರವರಿಯಿಂದ ಮೇವರೆಗೆ ಕೋಣೆಗೆ ಬೀಗ. ಬಿಗಿ ಸಡಿಲಿಸದೆ ಇಟ್ಟ ಡ್ರಮ್ ಹಾಳೆ ಬೇಸಿಗೆಯಲ್ಲಿ ಹಾಳಾಗುತ್ತೆ, ಬೆಲ್ಟನ್ನು ಇಲಿ ಕಡಿಯುತ್ತೆ, ಕೆಳಗಿನ ತಂತಿ ತುಕ್ಕು ಹಿಡಿಯುತ್ತೆ. ಜುಲೈನಲ್ಲಿ ಬಾಗಿಲು ತೆಗೆದಾಗ "ಹೊಸ ಸೆಟ್ ಬೇಕು ಸಾರ್" ಅನ್ನೋ ಮಾತು ಬರೋದು ಹೀಗೆ. ಬೇಕಾಗಿರೋದು ಹೊಸ ಸೆಟ್ ಅಲ್ಲದಿರಬಹುದು, ನಾಲ್ಕು ಹಾಳೆ ಮತ್ತು ಎರಡು ಬೆಲ್ಟ್ ಸಾಕಾಗಬಹುದು.

ವಸತಿ ಶಾಲೆಗಳಿಗೆ ಯಾಕೆ ಸುಲಭ?

ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯಲ್ಲಿ ಜಿಲ್ಲೆಯ ಜವಾಹರ್ ನವೋದಯ ವಿದ್ಯಾಲಯ ಇದೆ. ನವೋದಯ ವ್ಯವಸ್ಥೆಯಲ್ಲಿ 6ರಿಂದ 12ನೇ ತರಗತಿವರೆಗೆ ಏಳು ವರ್ಷ, ಮಕ್ಕಳು ಅಲ್ಲೇ ವಾಸ, ಸಂಗೀತ ಶಿಕ್ಷಕರ ಹುದ್ದೆಯೂ ಉಂಟು. ಬ್ಯಾಂಡ್‌ಗೆ ಬೇಕಾದ ಮೂರೂ ಅಲ್ಲಿವೆ: ಹೊತ್ತು, ಹಿರಿಯ ಮಕ್ಕಳು, ಕಲಿಸೋರು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಲ್ಲಿ 6ರಿಂದ 10ರವರೆಗೆ ಐದು ವರ್ಷ ಸಿಗುತ್ತೆ. ಒಂದೇ ಕಾಂಪೌಂಡಿನಲ್ಲಿ ಪ್ರಾಥಮಿಕದಿಂದ ಪಿಯುವರೆಗೆ ನಡೆಯುವ ಕರ್ನಾಟಕ ಪಬ್ಲಿಕ್ ಶಾಲೆಗಳಿಗೂ ಈ ಅನುಕೂಲ ಇದೆ. ಆರನೇ ಕ್ಲಾಸಿನಲ್ಲೇ ಮಕ್ಕಳನ್ನು ಹಿಡಿದರೆ ಹತ್ತಕ್ಕೆ ಬರುವ ಹೊತ್ತಿಗೆ ಕೈ ಪಳಗಿರುತ್ತೆ.

ಖಾಸಗಿ ಶಾಲೆಗಳದ್ದು ಬೇರೆ ದಾರಿ. ಎಲ್‌ಕೆಜಿಯಿಂದ ಹತ್ತರವರೆಗೆ ಒಂದೇ ಆಡಳಿತ, ಬ್ಯಾಂಡ್ ಗುರುಗಳಿಗೆ ಸಂಸ್ಥೆಯಿಂದಲೇ ಸಂಭಾವನೆ, ಖರ್ಚು ಶುಲ್ಕದಲ್ಲಿ ಸೇರಿರುತ್ತೆ. ಬ್ಯಾಂಡ್ ಅವರಿಗೆ ಜಾಹೀರಾತೂ ಹೌದು. ಮೈದಾನದಲ್ಲಿ ಜನ ನೋಡೋ ಹತ್ತು ನಿಮಿಷ ಮುಂದಿನ ವರ್ಷದ ದಾಖಲಾತಿಗೆ ಕೆಲಸ ಮಾಡುತ್ತೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಮೈದಾನದಲ್ಲಿ ಕಾಣುವ ವ್ಯತ್ಯಾಸ ಮಕ್ಕಳ ಪ್ರತಿಭೆಯದ್ದಲ್ಲ, ವ್ಯವಸ್ಥೆಯದ್ದು ಅನ್ನೋದನ್ನು ಮರೆಯಬಾರದು.

ಸರ್ಕಾರಿ ಶಾಲೆಗೆ ಆಗದ ಕೆಲಸ ಇದಲ್ಲ ಅನ್ನೋಕೆ ಸಾಕ್ಷಿ ಜಾರ್ಖಂಡ್‌ನಲ್ಲಿದೆ. ಪಟಮ್ದಾ ಎಂಬಲ್ಲಿನ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದ ಹುಡುಗಿಯರ ಪೈಪ್ ಬ್ಯಾಂಡ್ 2025ರ ಗಣರಾಜ್ಯೋತ್ಸವದಲ್ಲಿ ದೆಹಲಿಯ ಕರ್ತವ್ಯಪಥದಲ್ಲಿ ನುಡಿಸಿತು. ಕಸ್ತೂರಬಾ ಶಾಲೆಗಳು ಹಿಂದುಳಿದ, ಬಡ ಕುಟುಂಬಗಳ ಹೆಣ್ಣುಮಕ್ಕಳಿಗಾಗಿ ಇರುವ ಸರ್ಕಾರಿ ವಸತಿ ಶಾಲೆಗಳು. ಅಲ್ಲಿ ಸಾಧ್ಯ ಆಗಿದ್ದಕ್ಕೂ ಕಾರಣ ಅದೇ: ಜೊತೆಯಲ್ಲೇ ಇರೋ ಮಕ್ಕಳು, ದಿನಾ ಸಿಗೋ ಹೊತ್ತು.

ಕೇಂದ್ರದ ಶಿಕ್ಷಣ ಮತ್ತು ರಕ್ಷಣಾ ಸಚಿವಾಲಯಗಳು ಸೇರಿ ರಾಷ್ಟ್ರೀಯ ಶಾಲಾ ಬ್ಯಾಂಡ್ ಸ್ಪರ್ಧೆ ನಡೆಸುತ್ತವೆ. ರಾಜ್ಯ ಮಟ್ಟ, ವಲಯ ಮಟ್ಟ, ಕೊನೆಗೆ ಜನವರಿಯಲ್ಲಿ ದೆಹಲಿಯಲ್ಲಿ ಅಂತಿಮ ಸುತ್ತು. ಬಾಲಕರ ಬ್ರಾಸ್, ಬಾಲಕಿಯರ ಬ್ರಾಸ್, ಬಾಲಕರ ಪೈಪ್, ಬಾಲಕಿಯರ ಪೈಪ್ ಅಂತ ನಾಲ್ಕು ವಿಭಾಗ. ನಾಲ್ಕು ವಲಯಗಳಿಂದ ವಿಭಾಗಕ್ಕೊಂದರಂತೆ 16 ತಂಡ. ಇತ್ತೀಚಿನ ವರ್ಷಗಳಲ್ಲಿ ಮೊದಲ ಬಹುಮಾನ 21,000 ರೂ., ಎರಡನೆಯದು 16,000, ಮೂರನೆಯದು 11,000. ವಿಭಾಗಗಳ ಹೆಸರು ನೋಡಿ: ನಮ್ಮ ಊರಿನಲ್ಲಿ ಹೆಚ್ಚಾಗಿರುವ ಬರೀ ಡ್ರಮ್ ಬ್ಯಾಂಡ್‌ಗೆ ಅಲ್ಲಿ ವಿಭಾಗವೇ ಇಲ್ಲ. ಇಲ್ಲಿಂದ ಅಲ್ಲಿಗೆ ಹೋಗಬೇಕು ಅಂದ್ರೆ ಊದುವ ವಾದ್ಯ ಕಲಿಸೋ ಗುರುಗಳು ಮೊದಲು ಬೇಕು.

ದುಡ್ಡಿನ ಲೆಕ್ಕ

ಬ್ಯಾಂಡ್ ವಾದ್ಯಗಳಿಗೆ ದೇಶದಲ್ಲೇ ಹೆಸರಾದ ಊರು ಉತ್ತರ ಪ್ರದೇಶದ ಮೀರತ್. ಅಲ್ಲಿನ ಜಲಿ ಕೋಠಿ ಪ್ರದೇಶದಲ್ಲಿ ಬ್ರಿಟಿಷರ ಕಾಲದಿಂದಲೂ ಈ ಕಸುಬು ನಡೆದಿದೆ. 2025ರಲ್ಲಿ ಮೀರತ್ ಬ್ಯೂಗಲ್‌ಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ವಾದ್ಯ ತರಿಸೋದು ಕಷ್ಟವಿಲ್ಲ, ಒಂದು ಫೋನ್ ಸಾಕು.

ದಾವಣಗೆರೆ, ಹರಿಹರದ ವ್ಯಾಪಾರಸ್ಥರು ಶಾಲೆಗೆ ಕೊಡೋದರಲ್ಲಿ ಹಿಂದೆ ಬಿದ್ದವರಲ್ಲ. ಹತ್ತಿ ಮಿಲ್‌ಗಳ ಕಾಲದಿಂದಲೂ ಈ ಊರಿನ ವಿದ್ಯಾಸಂಸ್ಥೆಗಳ ಹಿಂದೆ ವರ್ತಕರ ದುಡ್ಡಿದೆ. ಆದರೆ ದಾನದ ಸ್ವಭಾವವೇ ಒಂದು ತರಹ. ಕಣ್ಣಿಗೆ ಕಾಣೋ ವಸ್ತುವಿಗೆ ಕೊಡೋಕೆ ಮನಸ್ಸು ಬರುತ್ತೆ. ಡ್ರಮ್ ಮೇಲೆ ಹೆಸರು ಬರೆಸಬಹುದು, ಹಸ್ತಾಂತರದ ಫೋಟೊ ಪೇಪರ್‌ನಲ್ಲಿ ಬರುತ್ತೆ. ಗುರುಗಳ ನವೆಂಬರ್ ತಿಂಗಳ ಸಂಬಳದ ಮೇಲೆ ಯಾರ ಹೆಸರು ಬರೆಯೋದು?

ಒಂದು ಲೆಕ್ಕ ಹಾಕಿ ನೋಡಬಹುದು. ಜೂನ್‌ನಿಂದ ಜನವರಿವರೆಗೆ ರಜೆ ಕಳೆದು ಸುಮಾರು 30 ವಾರ. ವಾರಕ್ಕೆ ಎರಡು ತರಗತಿ ಅಂದ್ರೆ 60. ಒಂದು ತರಗತಿಗೆ 500 ರೂ. ಅಂತಿಟ್ಟುಕೊಂಡರೆ ವರ್ಷಕ್ಕೆ 30,000 ರೂ. ಇದು ಉದಾಹರಣೆ ಲೆಕ್ಕ, ದರ ಹೆಚ್ಚು ಕಡಿಮೆ ಇರಬಹುದು. ಒಂದು ಶಾಲೆಯ ಸುತ್ತಲಿನ 30 ಅಂಗಡಿಯವರು ಹಂಚಿಕೊಂಡರೆ ತಲಾ 1,000 ರೂ., ದಿನಕ್ಕೆ ಮೂರು ರೂಪಾಯಿಗಿಂತ ಕಡಿಮೆ. ಒಂದು ಟೀ ದುಡ್ಡೂ ಆಗೋದಿಲ್ಲ. ಹೋಲಿಕೆಗೆ, ದೆಹಲಿಯಲ್ಲಿ ದೇಶಕ್ಕೇ ಮೊದಲು ಬಂದರೂ ಸಿಗುವ 21,000 ರೂ. ಈ ಒಂದು ವರ್ಷದ ಖರ್ಚಿಗೆ ಸಾಲದು. ಬಹುಮಾನದ ದುಡ್ಡಲ್ಲಿ ಬ್ಯಾಂಡ್ ನಡೆಸೋಕಾಗೋದಿಲ್ಲ.

ಗುರುಗಳ ಕಡೆಯಿಂದಲೂ ನೋಡಬೇಕು. ಒಂದೇ ಶಾಲೆಯ 30,000 ನಂಬಿ ಯಾರೂ ಬದುಕೋಕಾಗೋದಿಲ್ಲ, ಮದುವೆ ಸೀಸನ್ ಬಂದ ಕೂಡಲೇ ಹೊರಟುಹೋಗುತ್ತಾರೆ. ನಾಲ್ಕು ಶಾಲೆಗಳು ಸೇರಿ ಒಬ್ಬರನ್ನೇ ಹಿಡಿದರೆ ಎಂಟು ತಿಂಗಳಿಗೆ 1,20,000, ಅಂದ್ರೆ ತಿಂಗಳಿಗೆ 15,000 ರೂ. ಶಾಲೆ ಬೆಳಿಗ್ಗೆ, ಸಂಜೆ. ಮದುವೆ ಕೆಲಸ ಬಿಡುವಿದ್ದಾಗ. ಹೀಗಾದರೆ ಅವರೂ ಉಳಿಯುತ್ತಾರೆ. ದಾವಣಗೆರೆ, ಹರಿಹರದ ನಡುವೆ ಇರೋದು 14 ಕಿ.ಮೀ. ಆಸುಪಾಸು. ಬಸ್ಸಿಗೇನೂ ಬರವಿಲ್ಲ. ಒಬ್ಬರೇ ಎರಡೂ ಊರಲ್ಲಿ ಕಲಿಸೋಕೆ ತೊಂದರೆ ಇಲ್ಲ.

ದುಡ್ಡು ಕೂಡಿಸೋದರಲ್ಲಿ ಒಂದು ಎಚ್ಚರ ಬೇಕು. 2022ರ ಅಕ್ಟೋಬರ್‌ನಲ್ಲಿ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂ. ಸ್ವಇಚ್ಛೆಯ ದೇಣಿಗೆ ಪಡೆಯಬಹುದು ಎಂಬ ಸುತ್ತೋಲೆ ಹೊರಟಿತ್ತು. ವಿರೋಧ ಬಂದ ಮೇಲೆ ಕೆಲವೇ ದಿನದಲ್ಲಿ ವಾಪಸ್ ಆಯಿತು. ಸರ್ಕಾರಿ ಶಾಲೆಯಲ್ಲಿ ಪೋಷಕರ ಮೇಲೆ ಹೊರೆ ಹಾಕೋದು ಜನಕ್ಕೆ ಒಪ್ಪಿಗೆ ಇಲ್ಲ ಅನ್ನೋದಕ್ಕೆ ಇಷ್ಟು ಸಾಕು. ಹಾಗಾಗಿ ಬ್ಯಾಂಡ್ ಖರ್ಚು ಮಕ್ಕಳ ಮನೆಗೆ ಹೋಗಬಾರದು. ಊರಿನಿಂದ ಬರಲಿ, ಎಸ್‌ಡಿಎಂಸಿ ಖಾತೆಗೇ ಬರಲಿ, ರಸೀದಿ ಇರಲಿ, ವರ್ಷಕ್ಕೊಮ್ಮೆ ಲೆಕ್ಕ ನೋಟಿಸ್ ಬೋರ್ಡಿಗೆ ಅಂಟಲಿ. ಕೈಯಿಂದ ಕೈಗೆ ಕೊಟ್ಟ ದುಡ್ಡು ಎರಡನೇ ವರ್ಷಕ್ಕೆ ಜಗಳ ತರುತ್ತೆ.

ಸಮವಸ್ತ್ರದ ಖರ್ಚು ಇನ್ನೂ ಸೂಕ್ಷ್ಮ. ಬಿಳಿ ಬೂಟು, ಟೋಪಿ, ಪಟ್ಟಿ ಮಕ್ಕಳೇ ತರಬೇಕು ಅಂದ ಕೂಡಲೇ ಕೂಲಿ ಮಾಡುವವರ ಮಗು ಸದ್ದಿಲ್ಲದೆ ಹಿಂದೆ ಸರಿಯುತ್ತೆ. "ನಂಗೆ ಇಷ್ಟ ಇಲ್ಲ ಸಾರ್" ಅನ್ನುತ್ತೆ, ದುಡ್ಡಿಲ್ಲ ಅನ್ನೋದಿಲ್ಲ. ಬ್ಯಾಂಡ್ ಉಡುಪು ಶಾಲೆಯ ಆಸ್ತಿಯಾಗಿ ಪೆಟ್ಟಿಗೆಯಲ್ಲಿರಬೇಕು, ಮಕ್ಕಳು ಬದಲಾದರೂ ಉಡುಪು ಉಳಿಯಬೇಕು.

ಬೇರೆ ದೇಶದ ಪಾಠ

ಹೈಸ್ಕೂಲ್ ಬ್ಯಾಂಡ್ ಅಂದ್ರೆ ಅಮೆರಿಕದ ಹೆಸರು ಬಂದೇ ಬರುತ್ತೆ. ಅಲ್ಲಿ ನೂರಾರು ಮಕ್ಕಳ ಬ್ಯಾಂಡ್‌ಗಳು ಫುಟ್‌ಬಾಲ್ ಮೈದಾನದಲ್ಲಿ ನುಡಿಸೋದನ್ನು ಮೊಬೈಲ್‌ನಲ್ಲಿ ನೋಡಿದವರಿಗೆ ಅದು ದುಡ್ಡಿನ ಆಟ ಅನ್ನಿಸಬಹುದು. ದುಡ್ಡು ಇದೆ ನಿಜ. ಆದರೆ ನಮಗೆ ತಗೊಳ್ಳಬೇಕಾದ ಪಾಠ ಬೇರೆ. ಅಲ್ಲಿ ಬ್ಯಾಂಡ್ ಅನ್ನೋದು ವೇಳಾಪಟ್ಟಿಯಲ್ಲಿರುವ ಒಂದು ತರಗತಿ, ಅದಕ್ಕೆ ಅಂಕ ಉಂಟು. ಬ್ಯಾಂಡ್ ನಿರ್ದೇಶಕರು ಶಾಲೆಯ ಸಂಬಳ ಪಡೆಯುವ ಶಿಕ್ಷಕರು. ಶಾಲೆ ಶುರುವಾಗೋ ಮುಂಚೆ ಬೇಸಿಗೆಯಲ್ಲೇ ಶಿಬಿರ. ಪೋಷಕರು ಸೇರಿ 'ಬೂಸ್ಟರ್ ಕ್ಲಬ್' ಅಂತ ಕಟ್ಟಿಕೊಂಡು ತಿಂಡಿ ಮಾರಿ, ಕಾರು ತೊಳೆದು ವರ್ಷವಿಡೀ ದುಡ್ಡು ಕೂಡಿಸುತ್ತಾರೆ. ಕಲಿಸೋರ ಸಂಬಳ ಖಾತ್ರಿ ಇರೋದರಿಂದ ಆ ದುಡ್ಡು ಪ್ರಯಾಣಕ್ಕೆ, ಉಡುಪಿಗೆ ಹೋಗುತ್ತೆ. ನಮ್ಮಲ್ಲಿ ಉಲ್ಟಾ. ಉಡುಪಿಗೆ ದಾನಿ ಇದ್ದಾರೆ, ಸಂಬಳ ಖಾತ್ರಿ ಇಲ್ಲ.

ಡೊಳ್ಳು ಇರುವಾಗ ಸೈಡ್ ಡ್ರಮ್ ಯಾಕೆ?

ಈ ಪ್ರಶ್ನೆಯಲ್ಲೂ ನ್ಯಾಯ ಇದೆ. ಡೊಳ್ಳು, ಸಮಾಳ, ನಂದಿಕೋಲು ನಮ್ಮ ಜಿಲ್ಲೆಯ ಜಾತ್ರೆ, ಮೆರವಣಿಗೆಗಳಲ್ಲಿ ಕೇಳುತ್ತಲೇ ಬೆಳೆದ ಸದ್ದು. ಕಲಿಸೋ ಹಿರಿಯರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಆದರೆ ಇದನ್ನು ಅದೋ ಇದೋ ಅಂತ ಮಾಡಬೇಕಾಗಿಲ್ಲ. ಮೈಸೂರಿನ ಪೊಲೀಸ್ ಬ್ಯಾಂಡ್‌ನಲ್ಲಿ ಅರಮನೆ ಕಾಲದಿಂದ ಬಂದ ಇಂಗ್ಲಿಷ್ ಬ್ಯಾಂಡೂ ಇದೆ, ಕರ್ನಾಟಕ ವಾದ್ಯವೃಂದವೂ ಇದೆ. ಹೆಜ್ಜೆ ಹಾಕೋಕೆ ಸೈಡ್ ಡ್ರಮ್, ರಾಜ್ಯೋತ್ಸವದ ಮೆರವಣಿಗೆಗೆ ಡೊಳ್ಳು ಅಂತ ಒಂದೇ ಮಕ್ಕಳು ಎರಡೂ ಕಲಿಯಬಹುದು. ರಾಜ್ಯದ ಶಾಲೆಗಳಲ್ಲಿ ಈಗ 'ಸಂಭ್ರಮ ಶನಿವಾರ' ಅಂತ ತಿಂಗಳಿಗೊಮ್ಮೆ ಬ್ಯಾಗ್ ಇಲ್ಲದ ದಿನ ಇದೆ. ಊರಿನ ಡೊಳ್ಳಿನ ಹಿರಿಯರನ್ನು ಕರೆಸೋಕೆ ಅದಕ್ಕಿಂತ ಒಳ್ಳೇ ದಿನ ಯಾವುದು? ಒಂದು ಮಾತು ಮಾತ್ರ: ಡೊಳ್ಳಿಗೂ ಗುರು ಬೇಕು, ಗುರುವಿಗೂ ಸಂಭಾವನೆ ಬೇಕು. ವಾದ್ಯ ಬದಲಾದ ಮಾತ್ರಕ್ಕೆ ಲೆಕ್ಕ ಬದಲಾಗೋದಿಲ್ಲ.

ಸದ್ದು, ದೂರು, ನಿಯಮ

ಶಾಲೆ ಪಕ್ಕದ ಅಂಗಡಿ, ಕ್ಲಿನಿಕ್, ಮನೆಯವರಿಂದ ದೂರು ಬರೋದೂ ಉಂಟು. ಅವರನ್ನು ಬೈಯೋಕಾಗೋದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ನಿಶ್ಶಬ್ದ ವಲಯದಲ್ಲಿ ಡ್ರಮ್ ಬಾರಿಸೋದು, ಕಹಳೆ ಊದೋದು ತಪ್ಪು ಅಂತ ಹೆಸರಿಸಿಯೇ ಹೇಳಿದೆ. ಆಸ್ಪತ್ರೆಗಳು ಹೆಚ್ಚಿರುವ ದಾವಣಗೆರೆಯಂಥ ಊರಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಪರಿಹಾರ ಕಷ್ಟವೂ ಅಲ್ಲ. ಕೈ ಕೂರಿಸುವ ಮೊದಲ ತಿಂಗಳು ಡ್ರಮ್ ಬೇಕಾಗೇ ಇಲ್ಲ. ಹಲಗೆ ಮೇಲೆ ರಬ್ಬರ್ ಹಾಳೆ ಅಂಟಿಸಿ ಕೋಲಿನಿಂದ ಅಭ್ಯಾಸ ಮಾಡಬಹುದು. ಹಳೇ ಟ್ಯೂಬ್ ತುಂಡು ಆದರೂ ಸಾಕು. ಸದ್ದು ಇಲ್ಲ, ಹಾಳೆ ಹರಿಯೋದಿಲ್ಲ, ಎಂಟು ಡ್ರಮ್ ಇದ್ದರೂ 30 ಮಕ್ಕಳಿಗೆ ಒಟ್ಟಿಗೆ ಕಲಿಸಬಹುದು. ಪೂರ್ತಿ ತಂಡದ ಅಭ್ಯಾಸಕ್ಕೆ ಮೈದಾನಕ್ಕೆ ಹೋದರೆ ಆಯ್ತು. ಯಾವ ದಿನ, ಎಷ್ಟು ಹೊತ್ತು ಅಂತ ಅಕ್ಕಪಕ್ಕದವರಿಗೆ ಮೊದಲೇ ತಿಳಿಸಿದರೆ ಅರ್ಧ ದೂರು ಕಡಿಮೆ ಆಗುತ್ತೆ.

ಶಾಲೆಗೆ ಹೋದಾಗ ಕೇಳಬೇಕಾದ ಐದು ಪ್ರಶ್ನೆ

ಪೋಷಕರ ಸಭೆಗೋ, ದೇಣಿಗೆ ಕೊಡೋಕೋ ಹೋದಾಗ "ಸೆಟ್ ಎಷ್ಟಾಗುತ್ತೆ?" ಅನ್ನೋದಕ್ಕಿಂತ ಮೊದಲು ಇವನ್ನು ಕೇಳಬಹುದು.

1. ಈ ವರ್ಷ ಎಂಟನೇ ಕ್ಲಾಸಿನಿಂದ ಎಷ್ಟು ಮಕ್ಕಳನ್ನು ಸೇರಿಸಿಕೊಂಡಿದ್ದೀರಿ?

2. ಕಲಿಸೋರು ಯಾರು, ಯಾವ ತಿಂಗಳವರೆಗೆ ಬರುತ್ತಾರೆ, ಅವರಿಗೆ ದುಡ್ಡು ಯಾವ ಖಾತೆಯಿಂದ ಹೋಗುತ್ತೆ?

3. ಸಾಮಾನಿನ ದಾಸ್ತಾನು ಪುಸ್ತಕ ಇದೆಯಾ? ಪಿ.ಟಿ. ಮೇಷ್ಟ್ರು ವರ್ಗ ಆದರೆ ಬೀಗ ಯಾರ ಕೈಗೆ?

4. ಉಡುಪಿಗೆ ಮಕ್ಕಳಿಂದ ದುಡ್ಡು ತಗೊಳ್ತೀರಾ?

5. ಹುಡುಗಿಯರ ಕೈಗೆ ಡ್ರಮ್ ಕೊಟ್ಟಿದ್ದೀರಾ, ಇಲ್ಲಾ ಬಾವುಟ ಹಿಡಿಯೋಕೆ ಮಾತ್ರ ನಿಲ್ಲಿಸಿದ್ದೀರಾ?

ಈ ಐದಕ್ಕೆ ಸರಿಯಾದ ಉತ್ತರ ಇರುವ ಶಾಲೆಗೆ ಹಳೇ ಸೆಟ್ ಇದ್ದರೂ ಬ್ಯಾಂಡ್ ನಡೆಯುತ್ತೆ. ಉತ್ತರ ಇಲ್ಲದ ಕಡೆ ಹೊಸ ಸೆಟ್ ಕೊಟ್ಟರೂ ಮೂರನೇ ವರ್ಷಕ್ಕೆ ಅದು ಕೋಣೆ ಸೇರುತ್ತೆ.

ಶಾಲೆಗಳಿಗೂ ಒಂದು ಮಾತು. ದಾನಿಗಳು ಹೆಸರು ಕೇಳೋದು ತಪ್ಪಲ್ಲ. ಡ್ರಮ್ ಮೇಲೆ ಬರೆಯೋ ಹೆಸರನ್ನು ಗುರುಗಳ ವರ್ಷದ ಸಂಭಾವನೆ ಕೊಟ್ಟವರಿಗೂ ಬರೆಯಬಹುದು. ಆಗಸ್ಟ್ 15ರಂದು ಶಾಲೆಯ ಆವರಣದಲ್ಲಿ "ಈ ವರ್ಷ ನಮ್ಮ ಮಕ್ಕಳಿಗೆ ಬ್ಯಾಂಡ್ ಕಲಿಸಿದ ಗುರುಗಳು ಇವರು, ಅವರ ಸಂಭಾವನೆ ಕೊಟ್ಟ ಅಂಗಡಿಯವರು ಇವರು" ಅಂತ ಮೈಕ್‌ನಲ್ಲಿ ಹೇಳೋಕೆ ಖರ್ಚಿಲ್ಲ. ಗುರುಗಳಿಗೆ ಅದರಿಂದ ಸಿಗೋ ಮರ್ಯಾದೆ ಶಾಲಿಗಿಂತ ದೊಡ್ಡದು.

ಈ ಸಲ ಆಗಸ್ಟ್ 15ಕ್ಕೆ ಮೈದಾನಕ್ಕೆ ಹೋದವರು ಮಕ್ಕಳಿಗೆ ಚಪ್ಪಾಳೆ ತಟ್ಟಲಿ. ಆಮೇಲಿನ ವಾರ ನಿಮ್ಮ ಪಕ್ಕದ ಹೈಸ್ಕೂಲ್ ಕಡೆ ಬೆಳಿಗ್ಗೆ ಸ್ವಲ್ಪ ಕಿವಿ ಕೊಡಿ. ಸದ್ದು ಕೇಳಿದರೆ ಆ ಶಾಲೆಯಲ್ಲಿ ಬ್ಯಾಂಡ್ ಇದೆ ಅಂತ ಅರ್ಥ. ಕೇಳದಿದ್ದರೆ ಅಲ್ಲಿರೋದು ಡ್ರಮ್ ಮಾತ್ರ.